ಯಮನೂರವ್ವನ ಕಸುಬು

ಹಂಗಲ್ಲ ಅದು, ಹಂಗಲ್ಲ... ಪೂರಾ ಕೇಳು ಮೊದ್ಲು. ಮಾರಿ ಆ ಕಡೆ ತಿರುವಿದ್ರ ಹೆಂಗ? ಏ ಯಮನೂರಿ, ನಿನಗ ಹೇಳಾಕತ್ತೀನಿ, ಗ್ವಾಡಿಗಲ್ಲ! ಆ ಜ್ವಾಳ ಕೇರೋ ಮರ ಒಂದೀಟು ಕೆಳಗ ಇಡು ಮಾರಾಯ್ತಿ. ಜ್ವಾಳ ಎಲ್ಲೂ ಓಡಿ ಹೋಗಂಗಿಲ್ಲ, ಮಧ್ಯಾಹ್ನದ ಮ್ಯಾಲೆ ಹಸನ ಮಾಡಿದ್ರೂ ನಡಿತೈತಿ. ಅಲ್ಲೆ ಸಮುದಾಯ ಭವನದಾಗ ಜಮಖಾನಿ ಹಾಸ್ಯಾರ, ಕುರ್ಚಿ ತರಿಸ್ಯಾರ. ಕುಂಬಾರ ಹುಚ್ಚೀರಪ್ಪ ಎರಡು ಸಲ ಬಂದು ಹಣಿಕಿ ಹಾಕಿ ಹೋದ. ಹನ್ನೆರಡಕ್ಕ ಸಭಾ. ಈಗ ಹನ್ನೊಂದು ಹೊಡೀತು. ನೀ ನೋಡಿದ್ರ ಹಳ್ಳು ಆರಿಸ್ಕೋಂತ ಕುಂತಿ!

ಏನು? ಏನೋ ಅಂದಂಗಾತು. ಅನ್ಲಿಲ್ಲ? ಸರಿ ಬಿಡು.

ಮೂರು ದಿನ ಆತು ಹಿಂಗ. ಗುರುವಾರ ಸಂಜೀಮುಂದ ನಾವೆಲ್ಲಾ ಕೊಪ್ಪಳದಾಗ ಅರ್ಜಿ ಕೊಟ್ಟು ಬಂದ್ವಿ. ಕೈಕಸುಬುದಾರರ ಸಂಘ ಆತು ಅಂತ ಓಣಿಗೆಲ್ಲಾ ಸಕ್ಕರಿ ಹಂಚಿದ್ವಿ. ನಿನ್ನ ಬಾಯಾಗ ನಾನ ಕೈಯಾರೆ ಪೇಢೆ ಇಟ್ಟೆ. ನಕ್ಕಿ ನೀ. ಖರೆ ಹೇಳು, ನಕ್ಕಿಲ್ಲೇನು? ಶುಕ್ರವಾರ ಮುಂಜಾನಿ ಅನುಸೂಯಾ ಕೌದಿ ಹೊಲಿಯೋ ಕಟ್ಟಿಗೆ ಹೋಗಿ ಬಂದಿ. ಬಂದಾಕಿ ತಲಿಮ್ಯಾಲಿನ ಕೊಡ ಇಳಿಸಿದಿ, ನೂಲೋ ರಾಟಿ ಎತ್ತಿ ಅಟ್ಟದ ಮ್ಯಾಲೆ ಇಟ್ಟಿ. ಅಷ್ಟ. ಅವತ್ತಿನಿಂದ ಈ ಮನ್ಯಾಗ ಮಾತಾಡಾಂವ ನಾ ಒಬ್ಬನ.

ಬ್ಯಾರೆ ಏನೂ ಕಡಿಮಿ ಮಾಡಿಲ್ಲ ನೀ, ಅದನ್ನ ಒಪ್ಕೊಂತೀನಿ. ಕಸ ಹೊಡದಿ, ಅಂಗಳಕ್ಕ ಸಗಣಿ ಸಾರಿಸಿದಿ, ನೀರು ತಂದಿ, ಬಿಸಿ ರೊಟ್ಟಿ ಬಡದು ನೀಡಿದಿ. ನನಗ ಸೇರ್ತೈತಿ ಅಂತ ಪುಂಡಿಪಲ್ಲೆ ಸುದ್ದಾ ಮಾಡಿದಿ! ಆದ್ರ ಎದುರಿಗೆ ತಾಟು ಇಟ್ಟು ಹೊಳ್ಳಿ ಹೋಗ್ತಿ. ಬೈದಿದ್ರ ಛಲೋ ಇತ್ತು. ಒಂದು ಸಲ ಬಾಯಿ ತುಂಬ ಬೈದು ಬಿಡು ಮಾರಾಯ್ತಿ. ಮತ್ತ ಕುರಿ ಉಣ್ಣಿ ಮಾತ್ರ ಮುಟ್ಟವಲ್ಲಿ. ಮೂರು ಚೀಲ ಉಣ್ಣಿ ಕತ್ತರಿಸಿದ್ದು ಕತ್ತರಿಸಿದಂಗ ಮೂಲ್ಯಾಗ ಬಿದ್ದೈತಿ. ಹಿಂಜವಲ್ಲಿ, ನೂಲವಲ್ಲಿ. ಅಂಗಳದಾಗ ಕಂಬಳಿಗೆ ಹಾಸು ಎಳಿ ಹಚ್ಚಿ ಇಟ್ಟೇನಿ, ಎಳಿ ಗಟ್ಟಿ ಆಗಾಕ ಗಂಜಿ ಬೇಕು, ಗಂಜಿ ಕುದಸವಲ್ಲಿ.

ಯಾಕ ನಗ್ತಿ? ನಕ್ಕಿ, ನಾ ನೋಡಿದೆ. ಸೆರಗು ಅಡ್ಡ ಹಿಡದ್ರ ಕಾಣಂಗಿಲ್ಲ ಅಂದ್ಕೊಂಡೀಯೇನು? ಗಂಜಿ ಸುದ್ದಿಗೆ ನಕ್ಕಿ. ನಗು, ನಗು. ಹೌದು, ನಿನ್ನೆ ನಾನ ಕುದಿಸಿದೆ. ಅದರಾಗೇನೈತಿ ಅಂದ್ಕೊಂಡಿದ್ದೆ. ಹುಣಸಿ ಬೀಜ ಹುರಿಯೋದು, ಸಿಪ್ಪಿ ತಗಿಯೋದು, ಬೀಸೋದು, ನೀರಿಗೆ ಹಾಕಿ ಕುದಸೋದು. ಮೂವತ್ತು ವರ್ಷ ದಿನಾ ನೋಡೇನಿ... ನೋಡೇನಿ ಅಂದ್ಕೊಂಡಿದ್ದೆ. ತಳಾ ಹತ್ತಿತು. ಮ್ಯಾಲೆ ನೀರು ನೀರು, ಕೆಳಗ ಗಡ್ಡಿ ಗಡ್ಡಿ. ಹಂಗ ಹಚ್ಚಿದೆ, ಒಣಗಿದ ಮ್ಯಾಲೆ ಕೈ ಆಡಿಸಿದ್ರ ಎಳಿ ಟಪ್ ಟಪ್ ಅಂತ ಹರಿತಾವ! ನಲವತ್ತು ಎಳಿ ಹರದ್ವು, ಎಣಿಸೇನಿ. ಗಂಟು ಹಾಕ್ಕೋಂತ ಕುಂತಿದ್ದೆ, ಹಾದು ಹೋಗೋ ಮೌಲಾಹುಸೇನ ನಿಂತು ನೋಡಿದ. "ಯಾಕ ವೆಂಕೋಬಣ್ಣ, ಯಮನೂರಕ್ಕ ಇಲ್ಲೇನು?" ಅಂದ. ಆಕಿಗೆ ಆರಾಮಿಲ್ಲಪ್ಪ ಅಂದೆ. ನೀ ಒಳಗ ಭಾಂಡೆ ತಿಕ್ಕೋ ಸಪ್ಪಳ ಅವಗ ಕೇಳ್ತಿತ್ತು. ಪಾಪ, ತನ್ನ ತಗಡಿನ ಡಬ್ಬಿ ಹೆಗಲಿಗೇರಿಸ್ಕೊಂಡು ಹೋದ.

ಇರ್ಲಿ, ಕಂಬಳಿ ಇವತ್ತಲ್ಲ ನಾಳೆ ಆದೀತು. ಸಭಾ ಹೆಂಗ? ಇಪ್ಪತ್ತಾರು ಮಂದಿ ಸದಸ್ಯರು. ಅದರಾಗ ಹತ್ತೊಂಬತ್ತು ಹೆಣ್ಣುಮಕ್ಕಳು. ನೂಲೋರು, ಕೌದಿ ಹೊಲಿಯೋರು, ಕಸಬರಿಗಿ ಕಟ್ಟೋರು. ಎಲ್ಲಾರೂ ಹೋಗಿ ಅನುಸೂಯಾನ ಕಟ್ಟಿಮ್ಯಾಲೆ ಕುಂತು ಬಿಟ್ಟಾರ. ಮುಂಜಾನಿ ಹೋಗಿ ಕರದೆ. "ಯಮನೂರಕ್ಕ ಬಂದ್ರ ಬರ್ತೀವಿ" ಅಂದ್ರು. ಒಬ್ಬಾಕಿನೂ ಎದ್ದು ನಿಂದರ್ಲಿಲ್ಲ. ಭವನದಾಗ ಗಂಡಸ್ರು ನಾವು ಏಳು ಮಂದಿ. ಏಳು ಮಂದಿ ಕುಂತು ಚಹಾ ಕುಡಿಬಹುದು, ಸಭಾ ಆಗಂಗಿಲ್ಲ. ಇವತ್ತು ಸಭಾ ಆಗಿ ಠರಾವು ಬರದ್ರ ನಾಳೆ ಪಂಚಾಯ್ತ್ಯಾಗ ಹಳೇ ಸಾಲಿ ಖೋಲಿ ಸಂಘಕ್ಕ ಕೊಡ್ತಾರ. ಇಲ್ಲಂದ್ರ ಇಲ್ಲ. ಆ ಖೋಲಿ ಮ್ಯಾಲೆ ಎಷ್ಟು ಮಂದಿ ಕಣ್ಣಿಟ್ಟಾರ, ನಿನಗ ಗೊತ್ತಿಲ್ಲದ್ದೇನಲ್ಲ. ಅದು ಬೇಕು ಅಂತ ಎರಡು ವರ್ಷ ಪಂಚಾಯ್ತಿಗೆ ಎಡತಾಕಿದಾಕಿ ನೀನ. ಮಳಿಗಾಲದಾಗ ಉಣ್ಣಿ ತೋಯ್ಸಿಕೊಳ್ಳದ ಕುಂತು ನೂಲಾಕ, ಒಬ್ಬರ ಮಾರಿ ಒಬ್ಬರು ನೋಡ್ಕೋಂತ ಕೆಲಸಾ ಮಾಡಾಕ ಒಂದು ಜಾಗ ಬೇಕು ಅಂತ... ಇವೆಲ್ಲಾ ನಿನ್ನ ಮಾತು, ನನ್ನವಲ್ಲ. ನನಗ ಇಷ್ಟು ಹೊಳಿಯಂಗಿಲ್ಲ.

ಅದಕ್ಕ ಹೇಳಾಕತ್ತೀನಿ, ನನ್ನ ಮ್ಯಾಲಿನ ಸಿಟ್ಟು ಸಂಘದ ಮ್ಯಾಲೆ ಹಾಕಬ್ಯಾಡ.

ಸಿಟ್ಟು ಯಾಕಂತ ನನಗ ಗೊತ್ತೈತಿ. ಪಟ್ಟಿ. ಅನುಸೂಯಾ ಸಂಘದ ಪಟ್ಟಿ ಝೆರಾಕ್ಸ್ ತೋರ್ಸಿರ್ಬೇಕು. ಅಧ್ಯಕ್ಷರು ಅನ್ನೋ ಕಡೆ ನಿನ್ನ ಹೆಸರಿಲ್ಲ, ನನ್ನ ಹೆಸರೈತಿ. ಅದ ಹೌದಿಲ್ಲೋ? ನಾ ಹೇಳಬೇಕಂತನ ಇದ್ದೆ. ಗುರುವಾರನ ಹೇಳ್ತಿದ್ದೆ. ನೀ ಪೇಢೆ ತಿಂದು ಅಷ್ಟು ಖುಷೀಲೆ ಇದ್ದಿ, ಮರುದಿನ ಹೇಳಿದ್ರಾತು ಅಂದ್ಕೊಂಡೆ. ಅಷ್ಟರಾಗ ಆ ಅನುಸೂಯಾ...

ನೋಡು, ಅದು ಆಫೀಸಿನ ಕಾಯ್ದೆ. ಕಾಯ್ದೆ ಮುಂದ ನಾ ಏನ್ ಮಾಡಾಕಾಗ್ತೈತಿ? ಅಲ್ಲೆ ಸಾಹೇಬ್ರು ಅಂದ್ರು, ಅಧ್ಯಕ್ಷರು ಖುದ್ದು ಹಾಜರ ಇರ್ಬೇಕು, ಇಲ್ಲಂದ್ರ ಕಾಗದ ತಗೊಳಂಗಿಲ್ಲ ಅಂತ. ನೀ ಹಾಜರ ಇರ್ಲಿಲ್ಲ. ಅವತ್ತ ಕುರಿ ಕತ್ತರಿಸೋರು ಬಂದಿದ್ರು. "ಉಣ್ಣಿ ಆರಿಸಾಕ ನಾನ ಬೇಕು, ಸಹಿ ಮಾಡೇನಲ್ಲ, ನೀವು ಹೋಗಿ ಕೊಟ್ಟು ಬರ್ರಿ" ಅಂದಾಕಿ ನೀನ. ಅಷ್ಟು ದೂರ ಹೋಗಿ ಬರೇ ಕೈಲೆ ಹೊಳ್ಳಿ ಬರೂಣೇನು? ಕೈ ಮುಗದೆ ಸಾಹೇಬ್ರಿಗೆ. ಸಾಹೇಬ್ರ, ಖರೆ ಅಧ್ಯಕ್ಷಿ ಮನ್ಯಾಗ ಅದಾಳ್ರಿ, ಸದ್ಯಕ್ಕ ನನ್ನ ಹೆಸರು...

ಮರ ಯಾಕ ನಿಂತಿತು? ಸಾಹೇಬ್ರ ಹೆಸರು ತಗದ ಕೂಡ್ಲೆ ನಿಂತಿತು. ಅನುಸೂಯಾ ಏನರ ಹೇಳ್ಯಾಳೇನು ಸಾಹೇಬ್ರ ಸುದ್ದಿ? ಸಾಹೇಬ್ರು ಅವತ್ತ ರಜಾ ಅಂತ ಹೇಳಿದ್ಳಾ? ಹ್ಞಾಂ, ಅವ್ರು ರಜಾ ಇದ್ರು... ಅದು ಬ್ಯಾರೆ ಸಾಹೇಬ್ರು. ಇನ್ನೊಬ್ರು... ಆತು. ಆತು ಬಿಡು. ಯಾವ ಸಾಹೇಬನೂ ಇರ್ಲಿಲ್ಲ. ಕಿಡಕ್ಯಾಗ ಕುಂತಿದ್ದ ಹುಡುಗಿ ಕಾಗದ ಇಸ್ಕೊಂಡು ಸಿಕ್ಕಾ ಹೊಡದು ಕೊಟ್ಟಳು. ಯಾರು ಬಂದೀರಿ ಅಂತ ಸುದ್ದಾ ಕೇಳ್ಲಿಲ್ಲ ಆಕಿ. ಆಫೀಸಿನೋರ ತಪ್ಪು ಏನೂ ಇಲ್ಲ. ಸಮಾಧಾನ ಆತಾ?

ಈಗ ಖರೇದು ಹೇಳ್ತೀನಿ. ಚಹಾ ಚೆಲ್ಲಿತು. ಆಫೀಸಿನ ಎದುರಿಗೆ ಅರ್ಜಿ ಬರಿಯೋ ರವಿಕುಮಾರನ ಅಂಗಡಿ ಐತಲ್ಲ, ಅಲ್ಲೆ. ನೀವೆಲ್ಲಾ ಊರಾಗ ಸಹಿ ಮಾಡಿ ಕೊಟ್ಟ ಹಾಳಿ ಟೇಬಲ್ ಮ್ಯಾಲಿತ್ತು. ಹುಚ್ಚೀರಪ್ಪನ ಕೈ ನಡಗತೈತಲ್ಲ, ವಯಸ್ಸಾತು ಪಾಪ, ಕಪ್ಪು ಜಾರಿ ಪೂರಾ ನಿನ್ನ ಸಹಿ ಮ್ಯಾಲೇನ ಚೆಲ್ಲಿತು! ಹೊಸಾ ಹಾಳಿ ಮಾಡಿಸ್ಬೇಕಾತು. ಹೊಸಾ ಹಾಳಿಗೆ ನಿನ್ನ ಸಹಿ ಎಲ್ಲಿಂದ ತರ್ಲಿ?

ಯಾಕ ತಲಿ ಅಲ್ಲಾಡಸ್ತಿ? ಹುಚ್ಚೀರಪ್ಪನ ಕೈ... ನಡುಗಂಗಿಲ್ಲೇನು? ಹ್ಞೂಂ. ಮೊನ್ನೆ ಮೊನ್ನೆ ಅಷ್ಟು ದೊಡ್ಡ ಗುಡಾಣ ಮಾಡಿ ಸುಟ್ಟಾನ, ಒಂದು ಗೆರಿ ಸುದ್ದಾ ಬಿಟ್ಟಿಲ್ಲ. ಕುಂಬಾರನ ಕೈ ನಡಗತೈತಿ ಅಂದ್ರ ಯಾರ ನಂಬ್ಯಾರು. ಚಹಾ ಚೆಲ್ಲಿಲ್ಲ. ನಿನ್ನ ಸಹಿ ಹಂಗ ಐತಿ, ನೆಟ್ಟಗ ಐತಿ, ಇಲ್ಲೆ ನನ್ನ ಅಂಗಿ ಕಿಸೇದಾಗ ಐತಿ ಆ ಹಳೇ ಹಾಳಿ.

ಆ ಸಹಿ ಕಲಿಯಾಕ ಒಂದು ತಿಂಗಳು ಹಿಡೀತು ನಿನಗ. ಅನುಸೂಯಾ ಕಟ್ಟಿಮ್ಯಾಲೆ ಕುಂದರಿಸಿ ಕಲಿಸ್ತಿದ್ಳು. ಇದ್ದಲಿಲೆ ಅಡಗಿಮನಿ ಗ್ವಾಡಿ ತುಂಬ ಬರದಿ. ಯ ಬರಿಯೋದು ನಿನಗ ಬರ್ತಿರ್ಲಿಲ್ಲ, ಆ ಗುಂಡಂದು ಒಂದು ಸಲ ದೊಡ್ಡದು, ಒಂದು ಸಲ ಸಣ್ಣದು. ನಾ ನಗ್ತಿದ್ದೆ. "ಹೆಬ್ಬಟ್ಟು ಒತ್ತಿದ್ರ ಆಗಂಗಿಲ್ಲೇನು" ಅಂತಿದ್ದೆ. "ಅಧ್ಯಕ್ಷರು ಹೆಬ್ಬಟ್ಟು ಒತ್ತಿದ್ರ ಹಿಂದ ಬರೋ ಹೆಣ್ಣುಮಕ್ಕಳು ಏನಂದಾರು" ಅಂತಿದ್ದಿ ನೀ.

ನಿನ್ನೆ ಕವಿತಾಗ ಫೋನ್ ಹಚ್ಚಿದೆ, ಸಿದ್ದಾಪುರಕ್ಕ. ಮಗಳ ಮಾತರ ಕೇಳ್ತಿ ಅಂತ. ಆಕಿ ಗದ್ದಿಗೆ ಬುತ್ತಿ ಒಯ್ಯಾಕತ್ತಿದ್ಳು. ನಿನಗ ಕೊಟ್ಟೆ. ಹಿತ್ತಲಕ್ಕ ಹೋಗಿ ತಾಸೊತ್ತು ಮಾತಾಡಿದಿ, ನಕ್ಕಿ ಸುದ್ದಾ, ಇಲ್ಲೆ ತನಕ ಕೇಳ್ತು. ಆಮ್ಯಾಲೆ ಫೋನ್ ತಂದು ನನ್ನ ಮುಂದ ನೆಲದ ಮ್ಯಾಲಿಟ್ಟು ಹೋದಿ. ಎತ್ತಿದ್ರ ಕವಿತಾ ಏನಂದ್ಳು ಗೊತ್ತೇನು? "ಅಪ್ಪಾ, ಅವ್ವ ನಿನ್ನ ಮ್ಯಾಲೆ ಒಂದೂ ದೂರು ಹೇಳ್ಲಿಲ್ಲ. ನೀ ಏನ್ ಮಾಡೀದಿ, ಅದನ್ನ ನಿನ್ನ ಬಾಯಿಲೇನ ಅವ್ವನ ಮುಂದ ಹೇಳು." ಅಂದು ಫೋನ್ ಇಟ್ಟಾಳ! ಹೆತ್ತ ಮಗಳು!

ಏನ್ ಮಾಡೇನಿ ಅಂತ ಹೇಳ್ಲಿ? ನಾ ಈ ಸಂಘಕ್ಕ ವೈರಿ ಏನು? ಮೊದಲನೇ ಸಲ ನಮ್ಮ ಅಂಗಳದಾಗ ಎಲ್ಲಾರೂ ಕೂಡಿದಾಗ ಚಾಪಿ ಹಾಸಿದಾಂವ ನಾ. ಚಹಾ ಸೋಸಿದಾಂವ ನಾ. ನೆನಪೈತಿಲ್ಲೋ ಅವತ್ತು? ಗಿರಣಿ ಕಂಬಳಿ ತರಿಸಿ ಊರ ಕಂಬಳಿ ಅಂತ ಮಾರೋ ಆ ಅಂಗಡಿಯಾಂವ ಕಾರಿನ್ಯಾಗ ಬಂದಿದ್ದ. "ನನ್ನ ಅಧ್ಯಕ್ಷ ಮಾಡ್ರಿ, ಎಲ್ಲಾ ನಾ ನೋಡ್ಕೊಂತೀನಿ, ನೀವು ಬರೇ ಸಹಿ ಹಾಕ್ರಿ" ಅಂದ. ನಾವೆಲ್ಲಾ ಹಲ್ಲು ಕಿರದು ಹ್ಞೂಂ ಅನ್ನೋರಿದ್ವಿ. ನೀ ಎದ್ದು ಹೋಗಿ, "ಅಣ್ಣಾರ, ಕೈ ಕೊಡ್ರಿ ಇಲ್ಲೆ" ಅಂದಿ. ಅವನ ಅಂಗೈ ತಿರುವಿ ಮೂಸಿದಿ! "ಸೆಂಟಿನ ವಾಸನಿ ಛಲೋ ಐತ್ರಿ, ಆದ್ರ ಕುರಿ ವಾಸನಿ ಬರವಲ್ದು" ಅಂದಿ. ಮಂದಿ ಬಿದ್ದು ಬಿದ್ದು ನಕ್ರು. ಆ ಮನಿಶ್ಯಾ ಕಾರು ಹತ್ತೋ ತನಕ ಹಿಂದ ನೋಡ್ಲಿಲ್ಲ.

ಆಮ್ಯಾಲೆ ಒಬ್ಬೊಬ್ಬರ ಕೈ ನೋಡ್ಕೋಂತ ಬಂದಿ. ಹುಚ್ಚೀರಪ್ಪನ ಉಗುರಾಗಿನ ಅರಲು ಮಣ್ಣು. ಅನುಸೂಯಾನ ಬೆರಳಿಗೆ ಸೂಜಿ ಚುಚ್ಚಿದ ಗುರುತು. ಮೌಲಾಹುಸೇನನ ಕೈ ತುಂಬ ತಗಡು ಕೊಯ್ದ ಗಾಯ. "ಇಂಥಾ ಕೈ ಇದ್ದವ್ರಿಗಷ್ಟ ಸಂಘ" ಅಂದಿ. ಅದನ್ನ ರವಿಕುಮಾರ ಛಂದಾಗಿ ಬರದ, ಸಂಘದ ನಿಯಮದಾಗ ನಾಕನೇ ಕಲಮು. ಸ್ವಂತ ಕೈಯಿಂದ ಕಸುಬು ಮಾಡುವವರು ಮಾತ್ರ ಸದಸ್ಯರು, ಸದಸ್ಯರಷ್ಟ ಪದಾಧಿಕಾರಿ. ಮನಿಗೊಬ್ಬರು ಮಾತ್ರ ಪದಾಧಿಕಾರಿ ಆಗಬೇಕು ಅಂತ ಅದೂ ನೀ ಹೇಳಿದ್ದ. ಲಾಭ ಬಂದ್ರ ಯಾರೂ ಹಂಚ್ಕೊಳ್ಳಂಗಿಲ್ಲ, ಸಂಘದ ಕೆಲಸಕ್ಕ ಹಚ್ಚಬೇಕು ಅಂದಾಗ ಹುಚ್ಚೀರಪ್ಪ, "ಮೊದ್ಲು ಅದು ಬರ್ಲೆವ್ವಾ, ಅದರ ಮಾರಿ ನೋಡೂಣು" ಅಂದ. ಎಲ್ಲಾರ ಕೈ ನೋಡಿದಿ ನೀ ಅವತ್ತ. ನಿನ್ನ ಕೈ ಯಾರೂ ನೋಡ್ಲಿಲ್ಲ. ನೋಡಬೇಕಂತ ಯಾರಿಗೂ ಅನಿಸ್ಲಿಲ್ಲ, ಎಲ್ಲಾರಿಗೂ ಗೊತ್ತಿತ್ತಲ್ಲ. "ನಮ್ಮನಿಯಿಂದ ಯಮನೂರಿನ ಇರ್ಲಿ" ಅಂದಾಂವ ನಾನ. ಖುಷೀಲೆ ಅಂದೆ. ಖರೇನ ಖುಷೀಲೆ ಅಂದಿದ್ದೆ.

ಹೌದು... ಹಂಗಾರ ಕೊಪ್ಪಳದಾಗ ಏನಾತು ಅಂತೀದಿ. ಅನ್ನವಲ್ಲಿ, ಆದ್ರ ಅದನ್ನ ಕೇಳಾಕತ್ತಿ. ಹೇಳ್ತೀನಿ ತಡಿ.

ಬಸ್ಸಿನ್ಯಾಗ ಹೊಂಟಿದ್ವಿ. ಹುಚ್ಚೀರಪ್ಪ ಮುಂದಿನ ಸೀಟಿನಿಂದ ಹೊಳ್ಳಿ, "ಅಲ್ಲೋ ವೆಂಕೋಬ, ಹೆಂಡ್ತಿ ಅಧ್ಯಕ್ಷಿ, ಅನುಸೂಯಾ ಕಾರ್ಯದರ್ಶಿ. ನೀ ಯಾರು ಹಂಗಾರ? ಅಧ್ಯಕ್ಷರ ಚೀಲ ಹಿಡ್ಯಾಂವಾ?" ಅಂದ. ಎಲ್ಲಾರೂ ನಕ್ರು. ಕಂಡಕ್ಟರೂ ನಕ್ಕ, ಅವಗೇನ್ ಸಂಬಂಧ! ನಾನೂ ನಕ್ಕೆ. ನಗಲಾರದ ಏನ್ ಮಾಡ್ಲಿ? ಆದ್ರ ಕುಷ್ಟಗಿ ದಾಟಿ ಕೊಪ್ಪಳ ಮುಟ್ಟೋ ತನಕ ಅದ ತಲ್ಯಾಗ. ಊರಾಗ ಏನಂತಾರ? ವೆಂಕೋಬನ ಕಂಬಳಿ ಅಂತಾರ. ನಮ್ಮಪ್ಪನ ಮಗ್ಗ, ಅವರಪ್ಪನ ಮಗ್ಗ. ಆ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತು ಕುಂತು ನನ್ನ ಮೊಣಕಾಲು ಹೋಗ್ಯಾವ. ನಾಳೆ ಯಾರರ ಕೇಳಿದ್ರ ನಾ ಯಾರು ಅಂತ ಹೇಳ್ಕೋಬೇಕು...

ಹಂಗ ರವಿಕುಮಾರನ ಅಂಗಡಿಗೆ ಹೋದ್ವಿ. ಅಂವ ಪಟ್ಟಿ ನೋಡಿ, ಕಸುಬು ಅನ್ನೋ ಕಾಲಮ್ಮು ಖಾಲಿ ಬಿಟ್ಟೀರಲ್ಲ ಅಂದ. ಒಬ್ಬೊಬ್ಬರದ ಕೇಳಿ ತುಂಬಿಸ್ಕೋಂತ ಹೋದ. ಮಡಿಕಿ ಮಾಡುವುದು. ಕೌದಿ ಹೊಲಿಯುವುದು. ತಗಡಿನ ಕೆಲಸ. ಆಮ್ಯಾಲೆ ನನ್ನ ಕಡೆ ಹೊಳ್ಳಿದ. "ವೆಂಕೋಬಣ್ಣ, ಯಮನೂರಮ್ಮ ಏನ್ ಮಾಡ್ತಾರ?"

"ಏನ್ ಮಾಡ್ತಾಳ, ಮನ್ಯಾಗ ಇರ್ತಾಳ" ಅಂದೆ.

ಮನೆಗೆಲಸ ಅಂತ ಬರದ ಅಂವ. ಬರದು ಸಂಘದ ನಾಕನೇ ಕಲಮು ನೋಡಿದ. "ಹಂಗಾರ ಇವ್ರು ಅಧ್ಯಕ್ಷರಾಗಾಕ ಬರಂಗಿಲ್ಲಲ್ಲಾ, ಸದಸ್ಯರೂ ಆಗಂಗಿಲ್ಲ" ಅಂದ. ನಿನ್ನ ಕಲಮಿನ ಮ್ಯಾಲೇನ ನಿನ್ನ ಹೆಸರು ಹೋತು ಯಮನೂರಿ. ಇಪ್ಪತ್ತಾರು ಅಂದ್ನೆಲ್ಲ, ಆ ಇಪ್ಪತ್ತಾರರಾಗ ನೀ ಇಲ್ಲ. ಎಲ್ಲೂ ಇಲ್ಲ ನೀ. ಆ ಜಾಗಾಕ್ಕ ನನ್ನ ಹೆಸರು ಹಾಕ್ದ, ಹೊಸಾ ಹಾಳಿಗೆ ಅಲ್ಲಿದ್ದವ್ರೆಲ್ಲಾ ಸಹಿ ಮಾಡಿದ್ವಿ.

ಬಾಯಿ ತಪ್ಪಿ ಬಂತು. ದೇವರಾಣಿ ಮಾಡಿ ಹೇಳ್ತೀನಿ, ಬಾಯಿ ತಪ್ಪಿ ಬಂತು! ರೇಶನ್ ಕಾರ್ಡು ಮಾಡ್ಸುವಾಗ, ಬ್ಯಾಂಕಿನ್ಯಾಗ, ದವಾಖಾನಿ ಚೀಟಿ ಬರಸುವಾಗ, ಎಲ್ಲೆ ಕೇಳಿದ್ರೂ ನಿನ್ನ ಸುದ್ದಿ ನಾ ಹಂಗ ಹೇಳ್ಕೋಂತ ಬಂದೇನಿ. ನಾಲಿಗೀಗೆ ರೂಢಿ ಆಗೇತಿ. ನಿನ್ನ ಎದುರಿಗೇನ ಎಷ್ಟು ಸಲ ಹೇಳೇನಿ, ಆವಾಗ ನೀ ಒಂದು ಮಾತು ಅಂದಿಲ್ಲ. ಅಂದೀಯೇನು? ಅಂದಿಲ್ಲ. ಮತ್ತ ಈಗ...

ಏನರ ಅನ್ನು.

ಬಾಯಿ ತಪ್ಪಿ ಬಂತು ಅಂದೆನಲ್ಲ. ಇನ್ನೇನ್ ಹೇಳ್ಬೇಕು? ಮುಗೀತು, ಅಷ್ಟ. ಅದಕ್ಕಿಂತ ಹೆಚ್ಚೇನೂ ಆಗಿಲ್ಲ ಅಲ್ಲೆ. ಅನುಸೂಯಾ ಅಂಗಡ್ಯಾಗ ಇರ್ಲಿಲ್ಲ ಆವಾಗ, ಎಲ್ಲಾರ ಆಧಾರ್ ಕಾರ್ಡು ಝೆರಾಕ್ಸ್ ಮಾಡ್ಸಾಕ ಹೋಗಿದ್ಳು. ಆಕಿಗೇನ್ ಗೊತ್ತು... ಬಂದಿದ್ಳಾ? ಹೊಳ್ಳಿ ಬಂದು ಬಾಗಲದಾಗ ನಿಂತಿದ್ಳಾ?

ನಿಂತಿದ್ಳು. ನಾ ನೋಡೇನಿ ಆಕಿನ. ಕೈಯಾಗ ಝೆರಾಕ್ಸ್ ಹಿಡ್ಕೊಂಡು ನಿಂತಿದ್ಳು. ನೋಡಿ ಈ ಕಡೆ ಹೊಳ್ಳಿದೆ.

ಎಲ್ಲಾ ಗೊತ್ತೈತಿ ನಿನಗ. ಶುಕ್ರವಾರದಿಂದ ಎಲ್ಲಾ ಗೊತ್ತಿದ್ದೂ ನಾ ಸಾಹೇಬ್ರ ಕಥಿ ಹೇಳೋದು ಕೇಳಿದಿ, ಚಹಾ ಕಥಿ ಹೇಳೋದು ಕೇಳಿದಿ. ಜ್ವಾಳ ಹಸನ ಮಾಡ್ಕೋಂತ.

ರವಿಕುಮಾರ ಹೆಸರು ತಗಿಯೋಕಿಂತ ಮೊದ್ಲು ಕೈ ತಡದು ನಿಂತಿದ್ದ ಯಮನೂರಿ. ಅವಗೂ ಸಮಾಧಾನ ಆಗಿರ್ಲಿಲ್ಲ. "ಅಣ್ಣಾ, ಉಳಿದ ಹೆಣ್ಣುಮಕ್ಕಳಿಗೆಲ್ಲಾ ನೂಲುವುದು ಅಂತ ಬರದೀನಿ. ಅವ್ರ ಗಂಡಂದಿರು ಹಂಗ ಬರಿ ಅಂದಾರ. ಇವ್ರೂ ನೂಲ್ತಾರಲ್ಲ? ನೂಲುವುದು ಅಂತ ಬರೀಲೇನು?" ಅಂತ ಕೇಳ್ದ. ಮೌಲಾಹುಸೇನ, "ಬರೀರಿ ಬರೀರಿ, ಆಕಿ ನೂಲು ಇಲ್ಲಂದ್ರ ಇವ್ನ ಮಗ್ಗ ಎಲ್ಲೈತಿ" ಅಂದ. ಎಲ್ಲಾರೂ ನನ್ನ ಕಡೆ ನೋಡಿದ್ರು. ಹ್ಞೂಂ ಅಂದಿದ್ರ ಮುಗೀತಿತ್ತು. ಬರೇ ಒಂದು ಹ್ಞೂಂ.

ಬ್ಯಾಡ ಅಂದೆ. "ನೂಲೋದೇನು ಕಸುಬು, ರೊಟ್ಟಿ ಬಡದಂಗ ಅದೂ ಒಂದು. ಕಸುಬು ಅಂದ್ರ ಮಗ್ಗ" ಅಂದೆ. ಎಂಟು ಮಂದಿ ಮುಂದ ಅಂದೆ. ಬಾಯಿ ತಪ್ಪಿ ಬಂದದ್ದಲ್ಲ. ತಿಳದು ಅಂದೆ. ಬಸ್ಸಿನ್ಯಾಗ ಕುಂತಾಗಿಂದ ಅದನ್ನ ನುಂಗ್ಕೋಂತ ಬಂದಿದ್ದೆ, ಅಲ್ಲೆ ಕಾರಿದೆ.

ನಾಚಿಕಿ ಆಗ್ತೈತಿ ನನಗ. ಖರೇನ ನಾಚಿಕಿ ಆಗ್ತೈತಿ ಯಮನೂರಿ. ಮನೆಗೆಲಸ ಅಂತ ಬರಿಸಿ ಬಂದೆ. ನೀ ಮೂರು ದಿನದಿಂದ ನಾ ಬರಿಸಿದ್ದನ್ನ ಮಾಡಾಕತ್ತಿ, ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಡಿಮಿ ಇಲ್ಲ. ನನಗ ಅದೂ ತಿಳೀಲಿಲ್ಲ. ಮೈಯಾಗ ಏನೋ ಹೊಕ್ಕೈತಿ ಅಂತ ಮುಬಾಶಿರಾ ಬೀ ಕಡೆ ತಾಯತ ತರಾಕ ಹೋಗಿದ್ದೆ. ಆಕಿನೂ ನಗ್ಯಾಡಿ ಕಳಿಸಿದ್ಳು.

ಈಗ ಏನ್ ಮಾಡ್ಲಿ ಹೇಳು. ನಿನ್ನೆ ರವಿಕುಮಾರಗ ಫೋನ್ ಹಚ್ಚಿ ಕೇಳ್ದೆ, ಹೆಸರು ತಿದ್ದಪ್ಪಾ ಅಂತ. ಕೊಟ್ಟ ಕಾಗದ ಹಂಗ ತಿದ್ದಾಕ ಬರಂಗಿಲ್ಲ, ಸದಸ್ಯರ ಸಭಾ ಕರದು ಠರಾವು ಮಾಡ್ಕೊಂಡು ಬರ್ರಿ ಅಂದ. ಸಭಾ ಆಗಬೇಕಂದ್ರ ಹೆಣ್ಣುಮಕ್ಕಳು ಬರಬೇಕು. ಅವ್ರು ಬರಬೇಕಂದ್ರ ನೀ ಬರಬೇಕು. ನೀ ಬರಬೇಕಂದ್ರ ಪಟ್ಟಿ ತಿದ್ದಬೇಕು. ಎಲ್ಲಿಂದ ಹಿಡದ್ರೂ ತುದಿ ಸಿಗವಲ್ದು ನನಗ. ಅಧ್ಯಕ್ಷ ಅಂತ, ಅಧ್ಯಕ್ಷ! ಮೂರು ದಿನ ಆತು, ಒಂದು ಗಡಿಗಿ ಗಂಜಿ ಕುದಸಾಕ ಬರಲಾರದ ಅಧ್ಯಕ್ಷ.

ಕಾಲು ಹಿಡಿ ಅಂದ್ರ ಹಿಡಿತೀನಿ. ಬ್ಯಾಡ? ಯಾಕ ಹಿಂದ ಸರಿತಿ... ಆತು, ಹಿಡಿಯಂಗಿಲ್ಲ. ಇಲ್ಲೆ ಕುಂದರ್ತೀನಿ. ಹನ್ನೆರಡು ಹೊಡದು ಹೋದ್ರ ಹುಚ್ಚೀರಪ್ಪ ಭವನದ ಕೀಲಿ ಹಾಕಿ ಮನಿಗೆ ಹೋಗ್ತಾನ. ನಾಳೆ ಖೋಲಿ ಯಾರದರ ಗೊಬ್ಬರ ತುಂಬಾಕ ಹೋಗ್ತೈತಿ. ಎರಡು ವರ್ಷ ತಿರುಗಿದ್ದು ನೀರಾಗ ಹೋಗ್ತೈತಿ, ಅದೂ ನನ್ನಿಂದ... ಬೈಯಿ ಅಂದ್ರ ಬೈಯವಲ್ಲಿ.

ಯಾರು ಬಾಗಲಾ ಬಡಿಯಾಕತ್ತಾರ? ಬಂದೆ! ಬಂದೆ ಬಂದೆ... ಹಾಂ ಅನುಸೂಯಾ. ಬಾ ತಂಗಿ. ಅದಾಳ, ಒಳಗ ಅದಾಳ... ಎಲ್ಲಾರೂ ಬಂದೀರೇನು? ಯವ್ವಾ, ಅಂಗಳ ತುಂಬೇತಿ! ಬರ್ರಿ, ಬರ್ರೆವ್ವಾ... ಯಾಕ, ಒಳಗ ಬರಂಗಿಲ್ಲೇನು? ಏನು? ಇಲ್ಲಿಂದನ ಕೇಳ್ತೀನಿ ಅಂದ್ರ... ಏನ್ ಕೇಳ್ತಿ ಕೇಳು.

ಯಮನೂರಿ, ಕೇಳ್ತಾ ನಿನಗ? ಎಲ್ಲಾರ ಮುಂದ ನಿಂತು ನನಗ ಕೇಳಾಕತ್ತಾಳ. "ವೆಂಕೋಬಣ್ಣ, ಯಮನೂರಕ್ಕ ಏನ್ ಮಾಡ್ತಾಳ?" ಅಂತ ಕೇಳಾಕತ್ತಾಳ.

ನೀ ಹೇಳು. ನೀನ ಎದ್ದು ಬಂದು ಒಂದು ಮಾತು ಹೇಳಿ ಕಳಸು ಅವ್ರಿಗೆ... ಮರ ಕೆಳಗ ಇಟ್ಟಿ. ಮಾರಿ ಎತ್ತಿದಿ. ಮೂರು ದಿನದ ಮ್ಯಾಲೆ ಈಗ ನನ್ನ ಮಾರಿ ನೋಡಾಕತ್ತಿ. ನೀನೂ ನನ್ನ ಬಾಯಿಂದನ ಕೇಳಬೇಕಂತ ಕುಂತೀಯೇನು?

ಹೇಳ್ತೀನಿ. ಹೇಳ್ತೀನಿ ತಡೀರಿ ಎಲ್ಲಾರೂ. ಅನುಸೂಯಾ, ಆಕಿ... ನಮ್ಮ ಯಮನೂರಿ ಅಂದ್ರ... ಮೂವತ್ತು ವರ್ಷದಿಂದ ಆಕಿ ನಮ್ಮ ಮನ್ಯಾಗ...

ಏ ಯಮನೂರಿ, ಒಂದು ತಂಬಿಗಿ ನೀರು ಕೊಡು. ಕುಡದು ಹೇಳ್ತೀನಿ.